ಹೊಲದಲ್ಲಿ ಸಿಕ್ಕ ಕಲ್ಲಿನ ಅಲಗು: ಈ ಕಲ್ಲು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಸುರಪುರ ಮತ್ತು ಹುಣಸಗಿ ನಡುವಿನ ಒಂದು ಹಳ್ಳಿ. ಹಳ್ಳದ ದಂಡೆಯಲ್ಲಿ ನಾಲ್ಕು ಎಕರೆ ತೊಗರಿ ಹೊಲವಿದೆ. ದೊಡ್ಡ ಮಳೆ ಬಿದ್ದಾಗಲೆಲ್ಲ ಬೆರಳುದ್ದದ, ಬ್ಲೇಡಿನಷ್ಟು ಹರಿತವಾದ ಕಲ್ಲಿನ ಚೂರುಗಳು ಮೇಲೆ ಕಾಣುತ್ತವೆ. ಎರಡು ವರ್ಷದಲ್ಲಿ ಸುಮಾರು 180 ಆಯ್ದಿಟ್ಟಿದ್ದೇನೆ. ಹೆಚ್ಚಿನವು ಜೇನು ಬಣ್ಣ ಅಥವಾ ಕಂದು, ಕೆಲವು ಹಾಲುಬಿಳಿ, 11 ಮಾತ್ರ ಕೆಂಪು. ನಮ್ಮ ಸುತ್ತ ಫರಸಿಕಲ್ಲು, ಕರಿಕಲ್ಲು ಬಿಟ್ಟರೆ ಇಂಥ ನುಣುಪು ಕಲ್ಲು ನಾನು ನೋಡಿಲ್ಲ. ಗೆಳೆಯರೊಬ್ಬರು ಇದು ಗುಜರಾತಿನ ಖಂಬಾತದ ಅಗೇಟ್, ಆಗಿನ ಕಾಲದಲ್ಲೇ ವ್ಯಾಪಾರದಲ್ಲಿ ಬಂದದ್ದು ಅನ್ನುತ್ತಾರೆ. ಇನ್ನೊಬ್ಬರು ಎರಡು ಮೂರನ್ನು ಒಡೆದು ಲ್ಯಾಬಿಗೆ ಕಳಿಸಿದರೆ ಊರ ಹೆಸರೇ ಬರುತ್ತದೆ ಅನ್ನುತ್ತಾರೆ. ಕಳಿಸಲೇ? ಇಲಾಖೆಗೆ ಹೇಳಿದರೆ ಹೊಲ ಕೈಬಿಟ್ಟು ಹೋಗುತ್ತದೆಯೇ?

ಉತ್ತರ: ಒಡೆಯಬೇಡಿ, ಸದ್ಯಕ್ಕೆ ಎಲ್ಲಿಗೂ ಕಳಿಸಬೇಡಿ. ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗಕ್ಕೆ ಉತ್ತರ ಹೊಲದಲ್ಲೂ ಹಳ್ಳದಲ್ಲೂ ಸಿಗುತ್ತದೆ. ಉಳಿದ ಕಾಲು ಭಾಗಕ್ಕೆ ಲ್ಯಾಬ್ ಬೇಕಾಗಬಹುದು. ಆದರೆ ಮೊದಲ ಮುಕ್ಕಾಲು ಮುಗಿಯದೆ ಲ್ಯಾಬಿನವರು ಕೊಡುವ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

ನಿಮ್ಮ ಆತಂಕದ ಹಿಂದೆ ಒಂದು ಊಹೆ ಇದೆ. ಊರಲ್ಲಿ ಕಾಣದ ಕಲ್ಲು ದೂರದ್ದೇ ಆಗಿರಬೇಕು ಅನ್ನುವುದು. ಕಲ್ಲಿನ ಮೂಲ ಹುಡುಕುವ ಕೆಲಸದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಊಹೆ ಇದೇ. ಊರವರು ನೋಡುವುದು ಮನೆಗೆ, ಬದುವಿಗೆ, ರಸ್ತೆಗೆ ಬರುವ ಕಲ್ಲನ್ನು. ಅಲಗು ತೆಗೆಯುವವನಿಗೆ ಬೇಕಿದ್ದದ್ದು ನಿಂಬೆಹಣ್ಣಿನಿಂದ ತೆಂಗಿನಕಾಯಿಯವರೆಗಿನ ಗಾತ್ರದ, ಬಿರುಕಿಲ್ಲದ ಗಟ್ಟಿ ಉಂಡೆ. ಅಂಥದ್ದು ಸುಣ್ಣಗಲ್ಲಿನ ಪದರದ ನಡುವೆ ಗೇಣಗಲ ಇಣುಕುತ್ತಿದ್ದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅವನ ಕಣ್ಣಿಗೆ ಬೀಳುತ್ತಿತ್ತು. ಬೆಂಕಿಕಡ್ಡಿ ಬರುವ ಮುಂಚೆ ಚಕಮಕಿ ಕಲ್ಲು ಎಲ್ಲಿ ಸಿಗುತ್ತದೆಂದು ಕುರಿ ಕಾಯುವವರಿಗೆ ಗೊತ್ತಿರುತ್ತಿತ್ತು. ನಿಮ್ಮ ಊರಿನಲ್ಲಿ ಎಂಬತ್ತು ದಾಟಿದ ಕುರುಬ ಹಿರಿಯರಿದ್ದರೆ ಮೊದಲು ಅವರನ್ನು ಕೇಳಿ. ಭೂವಿಜ್ಞಾನದ ನಕ್ಷೆಯಲ್ಲಿ ಇಲ್ಲದ ಮಾಹಿತಿ ಅಲ್ಲಿ ಸಿಗಬಹುದು.

ಖಂಬಾತದ ಮಾತಿನಲ್ಲಿ ಎರಡು ತೊಡಕಿವೆ. ಖಂಬಾತ ಅಗೇಟ್ ಮಣಿ ಕೊರೆಯುವ ಊರು, ಕಲ್ಲು ಅಲ್ಲಿ ಹುಟ್ಟುವುದಿಲ್ಲ. ಹೆಸರಾದ ಅಗೇಟ್ ಗಣಿಗಳಿರುವುದು ರಾಜಪೀಪಲಾ ಕಡೆಯ ರತನ್‌ಪುರದಲ್ಲಿ. ಎರಡನೆಯದು ಇನ್ನೂ ಮುಖ್ಯ. ಅಲ್ಲಿಯ ಅಗೇಟಿಗೂ ದಖ್ಖನಿನ ಅಗೇಟಿಗೂ ತಾಯಿ ಒಬ್ಬಳೇ: ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಟ್ರ್ಯಾಪ್ ಲಾವಾ. ಲಾವಾ ಆರುವಾಗ ಉಳಿದ ಗಾಳಿಗುಳ್ಳೆಗಳಲ್ಲಿ ಸಿಲಿಕಾ (ಬೆಣಚುಕಲ್ಲಿನ ಖನಿಜ) ತುಂಬಿ ಅಗೇಟ್, ಅದರದೇ ಜಾತಿಯ ಪಟ್ಟೆಯಿಲ್ಲದ ಕ್ಯಾಲ್ಸೆಡನಿ ಆದವು. ಆ ಲಾವಾ ವಿಜಯಪುರ ಜಿಲ್ಲೆಯ ಬಹುಭಾಗದಲ್ಲಿ ಇದೆ, ನಿಮ್ಮ ಕಡೆಯ ಎತ್ತರದ ದಿನ್ನೆಗಳ ನೆತ್ತಿಯ ಮೇಲೂ ಅಲ್ಲಲ್ಲಿ ಉಳಿದಿದೆ. ಮನೆ ಹಿತ್ತಲಲ್ಲಿ ಇರಬಹುದಾದ ಕಲ್ಲಿಗೆ ಗುಜರಾತಿನವರೆಗೆ ಹೋಗುವ ಅಗತ್ಯವಿಲ್ಲ.

ಮೊದಲು ಕಾಲ, ಆಮೇಲೆ ಕಲ್ಲು

ಯಾರು ಮಾಡಿದ್ದು ಎಂದು ಗೊತ್ತಾಗದೆ ಎಲ್ಲಿಂದ ತಂದದ್ದು ಎಂದು ಕೇಳಿದರೆ ಉತ್ತರ ಎತ್ತಲೋ ಹೋಗುತ್ತದೆ. ಬೇಟೆಯಾಡಿ, ಗೆಡ್ಡೆ-ಹಣ್ಣು ಕೂಡಿಸಿ ಬದುಕಿದವರು ಕಲ್ಲಿಗಾಗಿಯೇ ಪ್ರಯಾಣ ಹೊರಡುವುದು ಅಪರೂಪ. ನೀರಿಗೆ, ಬೇಟೆಗೆ ಹೋದ ದಾರಿಯಲ್ಲಿ ಸಿಕ್ಕ ಕಲ್ಲನ್ನು ಎತ್ತಿಕೊಳ್ಳುವುದು ಅವರ ರೂಢಿ. ದನ ಕಟ್ಟಿ ಒಂದೆಡೆ ನೆಲೆ ನಿಂತ ನವಶಿಲಾಯುಗದವರ ಲೆಕ್ಕ ಬೇರೆ. ನಿಮ್ಮ ತಾಲ್ಲೂಕಿನ ಭಾಗದಲ್ಲಿ ಇಬ್ಬರೂ ಬದುಕಿದ್ದಾರೆ, ಇಬ್ಬರೂ ಚರ್ಟ್ (ಒಡೆದರೆ ಹರಿತ ಅಂಚು ಬರುವ ಸಿಲಿಕಾ ಕಲ್ಲು) ಬಳಸಿದ್ದಾರೆ. ಬೂದಿಹಾಳದ ಬೂದಿದಿಬ್ಬ, ಅಂದರೆ ಸುಟ್ಟ ಸಗಣಿಯ ಬೂದಿಯ ದಿಬ್ಬ, ನವಶಿಲಾಯುಗದ ದನಗಾಹಿಗಳದ್ದು, ಅಲ್ಲಿ ಚರ್ಟ್ ಅಲಗು ತೆಗೆದ ಕೆಲಸದ ನೆಲವೇ ಸಿಕ್ಕಿದೆ.

ಹಾಗಾಗಿ 180 ಚೂರುಗಳನ್ನೂ ಒಂದು ಬಿಳಿ ಬಟ್ಟೆಯ ಮೇಲೆ ಹರಡಿ. ಮೂರು ಸೆಂಟಿಮೀಟರಿಗಿಂತ ಚಿಕ್ಕವು, ಒಂದು ಅಂಚನ್ನು ಬೇಕೆಂದೇ ಮೊಂಡು ಮಾಡಿದವು, ಅರ್ಧಚಂದ್ರ ಅಥವಾ ತ್ರಿಕೋನದ ಆಕಾರದವು ಹೆಚ್ಚಿದ್ದರೆ ಅದು ಕಿರುಶಿಲಾಯುಧ ಬಳಸಿದ ಬೇಟೆಗಾರರ ಕೈ. ಉದ್ದನೆಯ ನೇರ ಅಲಗುಗಳು, ಅದರಲ್ಲೂ ಬೆನ್ನಿನ ಮೇಲೆ ಹೊಲಿಗೆ ಹಾಕಿದಂತೆ ಎರಡೂ ಕಡೆಯಿಂದ ಚಕ್ಕೆ ತೆಗೆದ ಏಣು ಇರುವವು ಸಿಕ್ಕರೆ, ಜೊತೆಗೆ ಉಜ್ಜಿ ನುಣುಪು ಮಾಡಿದ ಕರಿಕಲ್ಲಿನ ಕೊಡಲಿಯ ತುಂಡು, ಬೀಸುವ ಕಲ್ಲು, ಕೈಯಲ್ಲಿ ಮಾಡಿದ ಬೂದುಬಣ್ಣದ ಮಡಕೆ ಚೂರು ಇದ್ದರೆ, ನವಶಿಲಾಯುಗದ ಕಡೆ ವಾಲಬೇಕು. ಹೊಲ ಹಳ್ಳದ ದಂಡೆಯಲ್ಲಿರುವುದರಿಂದ ಎರಡೂ ಬೆರೆತಿರುವ ಸಾಧ್ಯತೆ ಇದ್ದೇ ಇದೆ. ಬೆರೆತಿದ್ದರೆ ಎರಡು ಗುಂಪು ಮಾಡಿ, ಮುಂದೆ ಹೇಳುವ ಲೆಕ್ಕವನ್ನೆಲ್ಲ ಬೇರೆ ಬೇರೆಯಾಗಿ ಮಾಡಿ.

ಇನ್ನೊಂದು ವಿಷಯ ಈಗಲೇ ಖಚಿತ ಮಾಡಿಕೊಳ್ಳಿ. ನಿಮ್ಮ ಹೊಲಕ್ಕೆ ಯಾವಾಗಲಾದರೂ ಕೆರೆ ಹೂಳು ಹೊಡೆಸಿದ್ದೀರಾ? ಕಾಲುವೆಯ ಏರಿ ಮಣ್ಣು, ರಸ್ತೆಯ ಗರಸು ಬಂದು ಬಿದ್ದಿದೆಯೇ? ಹೂಳಿನ ಜೊತೆ ಆಯುಧಗಳೇ ಇನ್ನೊಂದು ಕಡೆಯಿಂದ ಬಂದುಬಿಡುತ್ತವೆ. ಆಗ ನಿಮ್ಮ ಹೊಲ ಆಯುಧದ ಜಾಗವೇ ಅಲ್ಲ. ಟ್ರ್ಯಾಕ್ಟರ್ ನೇಗಿಲು ಮತ್ತು ಜಲ್ಲಿ ಕ್ರಷರ್ ಕೂಡ ಚರ್ಟನ್ನು ಒಡೆದು ಅಚ್ಚುಕಟ್ಟಾದ ಚಕ್ಕೆ ಮಾಡಬಲ್ಲವು. ಮನುಷ್ಯ ಹೊಡೆದ ಚಕ್ಕೆಯಲ್ಲಿ ಪೆಟ್ಟು ಬಿದ್ದ ಕಡೆ ಒಂದು ಚಪ್ಪಟೆ ಜಾಗ, ಅದರ ಕೆಳಗೆ ಸಣ್ಣ ಉಬ್ಬು, ಉಬ್ಬಿನಿಂದ ಹರಡುವ ಅಲೆಗಳು, ಬೆನ್ನ ಮೇಲೆ ಹಿಂದಿನ ಚಕ್ಕೆಗಳ ಗುರುತುಗಳು ಒಟ್ಟಿಗೆ ಇರುತ್ತವೆ. ಒಂದೋ ಎರಡೋ ಗುರುತು ಅಪ್ಪಿತಪ್ಪಿ ಬರಬಹುದು. ನಾಲ್ಕೂ ಸೇರಿ 50 ಚೂರಿನಲ್ಲಿ ಬರುವುದಿಲ್ಲ.

ಬಣ್ಣ ನಂಬಬೇಡಿ, ತೊಗಟೆ ನೋಡಿ

ಜೇನು ಬಣ್ಣ, ಕಂದು, ಕೆಂಪು ಎಂದು ಮೂರು ರಾಶಿ ಮಾಡಿ ಮೂರು ಮೂಲ ಹುಡುಕುವುದು ಎಲ್ಲರೂ ಮೊದಲು ಮಾಡುವ ತಪ್ಪು. ಚರ್ಟ್ ಮತ್ತು ಕ್ಯಾಲ್ಸೆಡನಿಯ ಮೈಯೆಲ್ಲ ಸಿಲಿಕಾ. ಬಣ್ಣ ಕೊಡುವುದು ಅದರಲ್ಲಿ ಸೇರಿದ ಚೂರೇ ಚೂರು ಕಬ್ಬಿಣ ಮತ್ತಿತರ ಕಲ್ಮಶ. ಒಂದೇ ಉಂಡೆಯ ನಡುವೆ ಬೂದು, ಅಂಚಿನಲ್ಲಿ ಜೇನು ಬಣ್ಣ ಇರುವುದು ಸಾಮಾನ್ಯ. ಬೆಂಕಿಗೆ ಬಿದ್ದರೆ ಹಳದಿ ಕಬ್ಬಿಣ ಕೆಂಪಾಗುತ್ತದೆ. ಅಗೇಟನ್ನು ಕಾಯಿಸಿ ಕೆಂಪು ಮಣಿ ಮಾಡುವುದೂ ಇದೇ ಗುಟ್ಟಿನಿಂದ. ನಿಮ್ಮ 11 ಕೆಂಪು ಚೂರುಗಳಲ್ಲಿ ಮಡಕೆ ಮುಚ್ಚಳದಂಥ ದುಂಡನೆಯ ಸಣ್ಣ ಗುಳಿಗಳು ಅಥವಾ ಜೇಡರಬಲೆಯಂಥ ನವಿರು ಬಿರುಕುಗಳು ಇವೆಯೇ ನೋಡಿ. ಇದ್ದರೆ ಅವು ಒಲೆಗೋ ಕಾಡುಬೆಂಕಿಗೋ ಹೊಲದಲ್ಲಿ ಸುಟ್ಟ ಕಸಕ್ಕೋ ಸಿಕ್ಕಿದ ಜೇನು ಬಣ್ಣದ ಕಲ್ಲೇ. ಹಾಲುಬಿಳಿಯೂ ಹಾಗೆಯೇ ಮೋಸ ಮಾಡುತ್ತದೆ. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಚರ್ಟಿನ ಹೊರಮೈ ಬೆಳ್ಳಗಾಗುತ್ತದೆ. ನೇಗಿಲು ತಾಗಿ ಹೊಸದಾಗಿ ಚಿಕ್ಕ ಚಕ್ಕೆ ಹಾರಿದ ಜಾಗವೊಂದು ಬಹಳ ಚೂರುಗಳಲ್ಲಿ ಇದ್ದೇ ಇರುತ್ತದೆ. ಒಳಗಿನ ನಿಜವಾದ ಬಣ್ಣ ಅಲ್ಲಿ ಮಾತ್ರ ಕಾಣುತ್ತದೆ. ನೇಗಿಲು ಮಾಡಿದ ಹಾನಿಯಿಂದಲೇ ಕೆಲಸ ಆಗುವಾಗ ನೀವು ಇನ್ನೊಂದನ್ನು ಒಡೆಯುವ ಅಗತ್ಯವಿಲ್ಲ.

ನಿಜವಾದ ಸಾಕ್ಷಿ ಕಲ್ಲಿನ ತೊಗಟೆ, ಅಂದರೆ ಒಡೆಯುವ ಮುಂಚಿನ ಮೂಲ ಹೊರಮೈ. 10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ತೆಗೆದುಕೊಳ್ಳಿ. ಚೂರನ್ನು ನೀರಿನಲ್ಲಿ ಅದ್ದಿ, ಬೆಳಗಿನ ಓರೆ ಬಿಸಿಲಿನಲ್ಲಿ ಹಿಡಿಯಿರಿ. ಬ್ರಷ್ ಹಾಕಿ ತಿಕ್ಕಬೇಡಿ. ತೊಗಟೆ ಸಾಮಾನ್ಯವಾಗಿ ಮೂರು ಬಗೆಯಲ್ಲಿ ಕಾಣುತ್ತದೆ.

ಬೆಳ್ಳಗೆ, ಒರಟಾಗಿ, ಸೀಮೆಸುಣ್ಣದ ಹಾಗಿದ್ದರೆ ಅದು ಸುಣ್ಣಗಲ್ಲಿನ ಪದರದೊಳಗೆ ಬೆಳೆದ ಚರ್ಟ್ ಉಂಡೆ ಅಥವಾ ಪಟ್ಟಿ. ನಿಮ್ಮ ಸುತ್ತಲಿನ ಭೀಮಾ ಶಿಲಾಸಮೂಹದಲ್ಲಿ, ಅಂದರೆ ಶಹಾಬಾದಿ ಫರಸಿ ಬರುವ ಅದೇ ಪದರಗಳಲ್ಲಿ, ಇಂಥ ಚರ್ಟ್ ಇದೆ. ಹಸಿರು ಮಣ್ಣು ಮೆತ್ತಿದಂಥ, ಗುಳಿಗುಳಿಯಾದ ಚರ್ಮವಿದ್ದರೆ ಅದು ಲಾವಾದ ಗಾಳಿಗುಳ್ಳೆಯಲ್ಲಿ ಹುಟ್ಟಿದ ಕ್ಯಾಲ್ಸೆಡನಿ ಅಥವಾ ಅಗೇಟ್, ಹಸಿರು ಬರುವುದು ಸೆಲಡೊನೈಟ್ ಎಂಬ ಖನಿಜದಿಂದ. ಒಳಗೆ ಪಟ್ಟೆಪಟ್ಟೆ, ನಡುವೆ ಹರಳು ಕಂಡರೆ ಅನುಮಾನವೇ ಬೇಡ. ಮೂರನೆಯದು ಉಜ್ಜಿ ನುಣ್ಣಗಾದ, ಮೇಲೆ ಉಗುರಿನ ಗುರುತಿನಂಥ ಸಣ್ಣ ಕಮಾನುಗಳಿರುವ ಚರ್ಮ. ಇದು ನದಿಯಲ್ಲಿ ಉರುಳಿ ಬಂದ ಕಲ್ಲು, ಆ ಕಮಾನುಗಳು ಉರುಳುವಾಗ ಕಲ್ಲಿಗೆ ಕಲ್ಲು ಬಡಿದ ಗಾಯ.

ಇಲ್ಲಿ ಒಂದು ಮೋಸವಿದೆ, ಎರೆ ಭೂಮಿಯಲ್ಲಿ ಕೆಲಸ ಮಾಡುವವರು ಪ್ರತಿಸಲ ಎದುರಿಸುವಂಥದ್ದು. ಎರೆ ಮಣ್ಣು ತಾನೇ ಕಲ್ಲಿನ ಮೇಲೆ ಸುಣ್ಣದ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಆಸಿಡ್ ಹಾಕಿದರೆ ಅದೂ ಸುಣ್ಣಗಲ್ಲಿನ ತೊಗಟೆಯಂತೆಯೇ ಬುರುಬುರು ಎನ್ನುತ್ತದೆ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಮೂಲ ತೊಗಟೆ ಚಕ್ಕೆ ಎದ್ದ ಗುರುತುಗಳ ಅಂಚಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಚಕ್ಕೆ ಎಬ್ಬಿಸಿದಾಗ ಅದು ಹಾರಿಹೋಗಿದೆ. ಮಣ್ಣಿನ ಹೊಪ್ಪಳಿಕೆ ಚಕ್ಕೆಯ ಗುರುತುಗಳ ಮೇಲೂ ಹರಡಿರುತ್ತದೆ, ಏಕೆಂದರೆ ಅದು ಆಯುಧ ಮಾಡಿದ ಮೇಲೆ ಬಂದದ್ದು. ಆಸಿಡ್ ಪರೀಕ್ಷೆ ಮಾಡಲೇಬೇಕೆಂದರೆ ಬಂಡೆಯ ಮೇಲೆ ಮಾಡಿ, ಆಯುಧದ ಮೇಲೆ ಒಂದು ಹನಿಯೂ ಬೇಡ.

ತೊಗಟೆ ನೋಡುವಾಗಲೇ ಎಣಿಸಿ ಬರೆದಿಡಿ: ತೊಗಟೆ ಇರುವ ಚೂರೆಷ್ಟು, ಇಲ್ಲದವೆಷ್ಟು, ಬೆನ್ನಿನ ಅರ್ಧಕ್ಕಿಂತ ಹೆಚ್ಚು ತೊಗಟೆ ಇರುವವೆಷ್ಟು. ಅಲಗು ತೆಗೆದು ಉಳಿದ ತಿರುಳುಗಲ್ಲು ಇದೆಯೇ? ಇದ್ದರೆ ತೂಕ ಮಾಡಿ. ಹೊಡೆಯಲು ಬಳಸಿದ, ತುದಿ ಜಜ್ಜಿಹೋದ ಸುತ್ತಿಗೆಕಲ್ಲು ಇದೆಯೇ? ತೊಗಟೆಯ ಚಕ್ಕೆಗಳು, ದೊಡ್ಡ ತಿರುಳುಗಲ್ಲು, ಅರ್ಧಕ್ಕೆ ಬಿಟ್ಟ ತುಂಡುಗಳು ಧಾರಾಳವಾಗಿದ್ದರೆ ಮೂಲ ನಡೆದು ಹೋಗುವ ದೂರದಲ್ಲಿದೆ. ಹೊರೆ ಹೊತ್ತು ದೂರದಿಂದ ಬರುವವನು ತೊಗಟೆಯನ್ನು ಅಲ್ಲೇ ಹಾರಿಸಿ ಬರುತ್ತಾನೆ. ತೊಗಟೆಯೇ ಇಲ್ಲದ, ಮತ್ತೆ ಮತ್ತೆ ಹರಿತ ಮಾಡಿ ಸವೆದ ಸಣ್ಣ ಆಯುಧಗಳಷ್ಟೇ ಇದ್ದರೆ ಕಲ್ಲು ದೂರದ್ದು. ಒಂದು ಎಚ್ಚರಿಕೆ ಇದೆ. ನೀವು ಅಂದವಾದವನ್ನೇ ಆಯ್ದಿದ್ದರೆ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಮುಂದಿನ ಮಳೆಯ ನಂತರ ಹೊಲದಲ್ಲಿ ಐದು ಮೀಟರಿಗೆ ಐದು ಮೀಟರಿನ ಒಂದು ಚೌಕಕ್ಕೆ ಹಗ್ಗ ಹಾಕಿ, ಅದರೊಳಗೆ ಉಗುರಿನಷ್ಟು ಚಿಕ್ಕದನ್ನೂ ಬಿಡದೆ ಎಣಿಸಿ, ಫೋಟೊ ತೆಗೆದು ಅಲ್ಲೇ ಬಿಡಿ.

ಹಳ್ಳಕ್ಕಿಳಿಯುವುದು

ಈಗ ಮೂಲದ ಕಡೆಯ ಕೆಲಸ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ 1:50,000 ಅಳತೆಯ ನಕ್ಷೆ ನೋಡಬಹುದು. ನಿಮ್ಮ ಹೊಲವನ್ನು ನಡುವಿಟ್ಟು 5, 10 ಮತ್ತು 25 ಕಿ.ಮೀ. ವೃತ್ತ ಎಳೆಯಿರಿ. ಪ್ರತಿ ವೃತ್ತದಲ್ಲಿ ಗ್ರಾನೈಟ್-ನೈಸ್, ಶಿಸ್ಟ್, ಸುಣ್ಣಗಲ್ಲು, ಜೇಡಿಗಲ್ಲು, ಟ್ರ್ಯಾಪ್ ಎಲ್ಲೆಲ್ಲಿವೆ ಗುರುತು ಮಾಡಿ. ನಕ್ಷೆ ಬಂಡೆಯ ಹೆಸರು ಹೇಳುತ್ತದೆ, ಅದರೊಳಗೆ ಗೇಣಗಲದ ಚರ್ಟ್ ಪಟ್ಟಿ ಇದೆಯೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ನಡೆಯಬೇಕು. ಸುಣ್ಣಗಲ್ಲಿನ ದಿನ್ನೆಯ ಅಂಚು, ಹಳ್ಳ ಕೊರೆದ ಗೋಡೆ, ಹಳೆಯ ಫರಸಿ ಗಣಿ, ಬಾವಿ ತೋಡಿದ ಮಣ್ಣು, ಈ ನಾಲ್ಕು ಕಡೆ ಮೊದಲು ನೋಡಿ.

ಆಮೇಲೆ ಹಳ್ಳದ ಗರಸು. ಹಳ್ಳದಲ್ಲಿ ನೇರ ಗೆರೆ ಹಿಡಿದು ನಡೆಯಿರಿ, ಪ್ರತಿ ಹೆಜ್ಜೆಗೂ ಕಾಲಿನ ಹೆಬ್ಬೆರಳಿಗೆ ತಾಗಿದ ಕಲ್ಲನ್ನೇ ಎತ್ತಿ. ಚೆನ್ನಾಗಿದೆ ಎಂದು ಪಕ್ಕದ್ದನ್ನು ಎತ್ತಬಾರದು. ಎರಡು ಸೆಂಟಿಮೀಟರಿಗಿಂತ ಚಿಕ್ಕದನ್ನು ಬಿಡಿ. 100 ಕಲ್ಲು ಆಗುವವರೆಗೆ ಜಾತಿ, ಉದ್ದ, ಎಷ್ಟು ಉರುಟಾಗಿದೆ ಎಂಬುದನ್ನು ಬರೆಯಿರಿ. ಇದನ್ನು ಹೊಲದ ಬಳಿ, ಅದಕ್ಕಿಂತ ಮೇಲೆ ಎರಡು ಕಡೆ, ಹಳ್ಳ ಕೃಷ್ಣೆಗೆ ಸೇರುವಲ್ಲಿ ಮತ್ತು ಕೃಷ್ಣೆಯ ದಂಡೆಯಲ್ಲಿ ಮಾಡಿ. ಐದು ಜಾಗ, 500 ಕಲ್ಲು, ಎರಡು ದಿನದ ಕೆಲಸ. ಇದರಿಂದ ಸಿಗುವಷ್ಟು ಮಾಹಿತಿ ಯಾವ ಯಂತ್ರವೂ ಎರಡು ದಿನದಲ್ಲಿ ಕೊಡುವುದಿಲ್ಲ.

ಕೃಷ್ಣೆಯನ್ನು ಸೇರಿಸಲು ಕಾರಣವಿದೆ. ಕೃಷ್ಣೆ ಮಹಾಬಳೇಶ್ವರದಿಂದ ಬಹುದೂರ ಟ್ರ್ಯಾಪ್ ಮೇಲೆಯೇ ಹರಿದು ಬರುತ್ತದೆ, ವಿಜಯಪುರದ ಟ್ರ್ಯಾಪ್ ನೆಲ ತೊಳೆದುಕೊಂಡು ಡೋಣಿ ಬಂದು ಅದನ್ನು ಸೇರುತ್ತದೆ. ಡೋಣಿ ಹರಿದರೆ ಓಣೆಲ್ಲ ಜೋಳ ಅನ್ನುತ್ತಾರಲ್ಲ, ಹರಿದಾಗ ಅದು ಅಗೇಟನ್ನೂ ಹೊತ್ತು ತರುತ್ತದೆ. 300 ಕಿ.ಮೀ. ದೂರದ ಬಂಡೆಯಲ್ಲಿ ಹುಟ್ಟಿದ ಕಲ್ಲು ನಿಮ್ಮ ಹತ್ತಿರದ ನದಿ ದಂಡೆಯಲ್ಲಿ ಸಿಗುತ್ತದೆ. ಅಷ್ಟು ದೂರ ಹೊತ್ತದ್ದು ನೀರು, ಮನುಷ್ಯ ನಡೆದದ್ದು ದಂಡೆಯಿಂದ ಹೊಲದವರೆಗೆ. ಆಯುಧದ ಕಲ್ಲಿನ ಮೂಲ ಎಂದರೆ ಅದು ಹುಟ್ಟಿದ ಬಂಡೆಯಲ್ಲ, ಮನುಷ್ಯ ಅದನ್ನು ಎತ್ತಿಕೊಂಡ ಜಾಗ. ಲ್ಯಾಬಿನ ಯಂತ್ರ ಬಂಡೆಯನ್ನಷ್ಟೇ ಗುರುತಿಸಬಲ್ಲದು. ಎತ್ತಿಕೊಂಡ ಜಾಗವನ್ನು ಹೇಳುವುದು ತೊಗಟೆ. ಹಸಿರು ಚರ್ಮದ ಅಗೇಟ್ ಸಿಕ್ಕರೆ ಬಂಡೆಯಿಂದಲೇ ಅಥವಾ ಅದರ ಬುಡದಿಂದ ಎತ್ತಿದ್ದು, ಉಜ್ಜಿದ ಚರ್ಮದ ಅಗೇಟ್ ಸಿಕ್ಕರೆ ನದಿಯಿಂದ ಎತ್ತಿದ್ದು. ರಸಾಯನ ಒಂದೇ, ಕಥೆ ಪೂರ್ತಿ ಬೇರೆ.

ಒಂದು ಸರಳ ತಾಳೆಯನ್ನೂ ನೋಡಿ. ನಿಮ್ಮ ಅಲಗುಗಳಲ್ಲಿ ಅತಿ ಉದ್ದದ್ದು ಆರು ಸೆಂಟಿಮೀಟರ್ ಇದ್ದರೆ ಕನಿಷ್ಠ ಏಳು ಸೆಂಟಿಮೀಟರಿನ ಉಂಡೆ ಬೇಕು. ನದಿಯಲ್ಲಿ ಸಿಗುವ ಕ್ಯಾಲ್ಸೆಡನಿ ಎಲ್ಲ ಮೂರು-ನಾಲ್ಕು ಸೆಂಟಿಮೀಟರಿನವಾದರೆ ಆ ಅಲಗುಗಳ ಮಟ್ಟಿಗೆ ನದಿ ಪಟ್ಟಿಯಿಂದ ಹೊರಗೆ. ಆದರೆ ಇವತ್ತಿನ ನದಿ ಅವತ್ತಿನದಲ್ಲ. ಮರಳುಗಾರಿಕೆ ಗರಸನ್ನು ತಿರುವಿಹಾಕಿದೆ, ನಾರಾಯಣಪುರ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ದಂಡೆಗಳು ಮುಳುಗಿವೆ. ಆದ್ದರಿಂದ ಈಗಿನ ಪಾತ್ರಕ್ಕಿಂತ ಎತ್ತರದಲ್ಲಿ, ಹೊಲಗಳ ಅಂಚಿನಲ್ಲಿ, ಗಟ್ಟಿಯಾಗಿ ಹೆಪ್ಪುಗಟ್ಟಿದ ಹಳೆಯ ಗರಸಿನ ಪದರ ಹುಡುಕಿ. ಅಲ್ಲಿಯ 100 ಕಲ್ಲು ಈಗಿನ ಪಾತ್ರದ 500ಕ್ಕಿಂತ ಹೆಚ್ಚು ನಂಬಬಹುದು.

ಸಿಕ್ಕ ಉಂಡೆ ಅಲಗು ತೆಗೆಯಲು ಒಗ್ಗುತ್ತದೆಯೇ ಎಂದು ನೋಡಲು ಒಂದೆರಡನ್ನು ಸುತ್ತಿಗೆಯಿಂದ ಒಡೆದು ನೋಡಬಹುದು. ಹಳ್ಳದ ಕಲ್ಲನ್ನು ಒಡೆದರೆ ನಷ್ಟವಿಲ್ಲ, ಅದರ ಚಕ್ಕೆಗಳನ್ನು ಮಾತ್ರ ಹೊಲದ ಹತ್ತಿರ ಬಿಡಬೇಡಿ, ಮುಂದೆ ಯಾರೋ ಅದನ್ನೂ ಪುರಾವೆ ಎಂದುಕೊಂಡಾರು. ಕಣ್ಣಿಗೆ ಕನ್ನಡಕ, ಬಾಯಿ-ಮೂಗಿಗೆ ಮಾಸ್ಕ್ ಇರಲಿ, ಬಯಲಲ್ಲಿ ಗಾಳಿಗೆ ಬೆನ್ನು ಮಾಡಿ ಕೂತು ಒಡೆಯಿರಿ. ಸಿಲಿಕಾ ಧೂಳು ಪುಪ್ಪುಸದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಖಂಬಾತದ ಅಗೇಟ್ ಕೆಲಸಗಾರರನ್ನು ತಿಂದ ಸಿಲಿಕೋಸಿಸ್ ಎಂಬ ಪುಪ್ಪುಸದ ರೋಗ ಇದೇ ಧೂಳಿನದು.

ನಿಮ್ಮ ಪಕ್ಕದ ಇಸಾಂಪುರ

ಕಲ್ಲಿನ ಮೂಲ ಹುಡುಕುವುದು ಹೇಗೆ ಎಂದು ಜಗತ್ತಿಗೇ ತೋರಿಸಿದ ಜಾಗಗಳಲ್ಲಿ ಒಂದು ನಿಮ್ಮ ಮಗ್ಗುಲಲ್ಲೇ ಇದೆ. ಹುಣಸಗಿ-ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ನಡೆದು ಹಳೆ ಶಿಲಾಯುಗದ ನೂರಾರು ನೆಲೆ ಗುರುತಿಸಿದರು. ಅದರಲ್ಲಿ ಇಸಾಂಪುರ ಕಲ್ಲು ಎಬ್ಬಿಸಿದ ಜಾಗವೂ ಹೌದು, ಆಯುಧ ಮಾಡಿದ ಕಮ್ಮಟವೂ ಹೌದು. ಅಲ್ಲಿ ಸಿಲಿಕಾ ಸೇರಿ ಗಟ್ಟಿಯಾದ ಸುಣ್ಣಗಲ್ಲಿನ ಹಾಸು ಬಿಸಿಲು-ಮಳೆಗೆ ಸೀಳಿ, ಎತ್ತಿಕೊಳ್ಳಲು ಬರುವ ಹಲಗೆಗಳಾಗಿ ಬಿದ್ದಿತ್ತು. ತೆಳುವಾದ ಹಲಗೆಯನ್ನು ಅಂಚಿನಲ್ಲಿ ಹೊಡೆದು ನೇರವಾಗಿ ಕೈಗೊಡಲಿ ಮಾಡಿದ್ದಾರೆ, ದಪ್ಪ ಹಲಗೆಯಿಂದ ದೊಡ್ಡ ಚಕ್ಕೆ ಎಬ್ಬಿಸಿ ಅದನ್ನು ಆಯುಧ ಮಾಡಿದ್ದಾರೆ. ಕಲ್ಲಿನ ದಪ್ಪ ನೋಡಿ ವಿಧಾನ ಬದಲಿಸಿದ ಈ ಕೈಗಳಿಗೆ ಎಷ್ಟು ವಯಸ್ಸು? ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲ್ ಮೇಲೆ ಮಾಡಿದ ಇಎಸ್‌ಆರ್ (ಹಲ್ಲಿನಲ್ಲಿ ಕಾಲಕ್ರಮೇಣ ಕೂಡಿದ ವಿಕಿರಣದ ಪ್ರಭಾವ ಅಳೆಯುವ) ಕಾಲನಿರ್ಣಯ ಸುಮಾರು 12 ಲಕ್ಷ ವರ್ಷ ಎಂದಿದೆ. ಆ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಆದರೆ ಕಲ್ಲು ಅಲ್ಲಿಯದೇ ಎಂಬುದರಲ್ಲಿ ಚರ್ಚೆ ಇಲ್ಲ. ಕಾರಣ, ಹಲಗೆ, ತಿರುಳುಗಲ್ಲು, ಚಕ್ಕೆ, ಪುಡಿ, ಕೆಟ್ಟುಹೋದ ಕೊಡಲಿ ಎಲ್ಲ ಒಂದೇ ನೆಲದ ಮೇಲೆ ಬಿದ್ದಿದ್ದವು, ಕೆಲವು ಚಕ್ಕೆಗಳನ್ನು ಮರಳಿ ಮೂಲ ಕಲ್ಲಿಗೆ ಜೋಡಿಸಲೂ ಬಂತು. ಹೊಡೆಯುವ ಸುತ್ತಿಗೆಕಲ್ಲುಗಳು ಮಾತ್ರ ಬೇರೆ ಜಾತಿಯವು, ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್. ಅವನ್ನು ಕಣಿವೆಯ ಬೇರೆಡೆಯಿಂದ ಆರಿಸಿ ತಂದಿದ್ದಾರೆ. ಕೊಡಲಿಯ ಮೂಲ ಹುಡುಕುವವರು ಸುತ್ತಿಗೆಯ ಮೂಲವನ್ನು ಮರೆಯುತ್ತಾರೆ. ನೀವು ಮರೆಯಬೇಡಿ.

ದೂರದ ಕಲ್ಲು ಎಲ್ಲೂ ಇಲ್ಲವೆಂದಲ್ಲ. ಕೀನ್ಯಾದ ಓಲೋರ್ಗೆಸೈಲಿಯಲ್ಲಿ ಸುಮಾರು 3 ಲಕ್ಷ ವರ್ಷದ ಹಿಂದೆಯೇ ಆಬ್ಸಿಡಿಯನ್ ಎಂಬ ಜ್ವಾಲಾಗಾಜು 25ರಿಂದ 95 ಕಿ.ಮೀ. ದೂರದಿಂದ ಬಂದಿದೆ. ಬೋಟ್ಸ್ವಾನಾದ ಸೋಡಿಲೋ ಬೆಟ್ಟಗಳಿಗೆ ಮಧ್ಯ ಶಿಲಾಯುಗದಲ್ಲಿ 200 ಕಿ.ಮೀ.ಗಿಂತ ದೂರದ, ಮಣ್ಣು ಸಿಲಿಕಾದಿಂದ ಗಟ್ಟಿಯಾಗಿ ಕಲ್ಲಾದ ಸಿಲ್‌ಕ್ರೀಟ್ ಬಂದಿದೆ. ಹಾಗೆಂದು ಇವನ್ನು ತೋರಿಸಿ ನಮ್ಮದೂ ದೂರದ್ದು ಎನ್ನಲಾಗದು. ಅಲ್ಲಿ ಹತ್ತಿರದ ಮೂಲಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕಿದ ಮೇಲೆ ದೂರದ್ದಕ್ಕೆ ಹೋಗಿದ್ದಾರೆ.

ಲ್ಯಾಬ್ ಏನು ಹೇಳಬಲ್ಲದು

ರಾಸಾಯನಿಕವಾಗಿ ಮೂಲ ಗುರುತಿಸಲು ಒಂದು ಷರತ್ತಿದೆ, 1977ರಿಂದ ಈ ಕ್ಷೇತ್ರದ ಅಡಿಗಲ್ಲೇ ಆಗಿರುವಂಥದ್ದು: ಒಂದೇ ಮೂಲದೊಳಗಿನ ವ್ಯತ್ಯಾಸಕ್ಕಿಂತ ಎರಡು ಮೂಲಗಳ ನಡುವಿನ ವ್ಯತ್ಯಾಸ ಹೆಚ್ಚಿರಬೇಕು. ಆಬ್ಸಿಡಿಯನ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ, ಒಂದು ಜ್ವಾಲಾಮುಖಿಯ ಗಾಜು ಎಲ್ಲೆಡೆ ಒಂದೇ ತರಹ. ಚರ್ಟ್ ಹಾಗಲ್ಲ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 95 ಭಾಗಕ್ಕಿಂತ ಹೆಚ್ಚು ಸಿಲಿಕಾ, ಗುರುತು ಹಚ್ಚಲು ಉಳಿಯುವುದು ಲಕ್ಷಕ್ಕೆ ಕೆಲವು ಭಾಗದ ಧಾತುಗಳು, ಅವೂ ಒಂದೇ ಉಂಡೆಯ ಎರಡು ತುದಿಯಲ್ಲಿ ಬೇರೆ ಬೇರೆ.

ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಎಕ್ಸ್ ಕಿರಣ ಬಿಟ್ಟು ಧಾತುಗಳನ್ನು ಅಳೆಯುತ್ತದೆ, ಕಲ್ಲಿಗೆ ಏನೂ ಮಾಡುವುದಿಲ್ಲ. ಆದರೆ ಅದು ಓದುವುದು ಹೊರಮೈಯನ್ನು. ಬೆಳ್ಳಗಾದ ಪದರ, ಎರೆ ಮಣ್ಣಿನ ಸುಣ್ಣ, ಕಬ್ಬಿಣದ ಕಲೆ ಎಲ್ಲ ಸೇರಿ ಅದು ಅಳೆಯುವುದು ಕಲ್ಲಿಗಿಂತ ನಿಮ್ಮ ಹೊಲವನ್ನೇ ಹೆಚ್ಚು. ಲೇಸರ್ ಐಸಿಪಿ-ಎಂಎಸ್ ಎಂಬ ಯಂತ್ರ ಕೂದಲೆಳೆಯಷ್ಟು ಕುಳಿ ಕೊರೆದು ಧಾತುಗಳನ್ನು ಬಹಳ ಸೂಕ್ಷ್ಮವಾಗಿ ಅಳೆಯುತ್ತದೆ, ಚರ್ಟಿಗೆ ಇದ್ದುದರಲ್ಲಿ ಒಳ್ಳೆಯ ಆಯ್ಕೆ. ಒಂದು ಕುಳಿ ಸಾಲದು, ಒಂದು ಚೂರಿಗೆ ಐದಾರು ಕಡೆಯಾದರೂ ಬೇಕು. ಇನ್ನೊಂದು ಹಳೆಯ ವಿಧಾನ ತೆಳುಸೀಳು: 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚೂರು ಹಾಳಾಗುತ್ತದೆ, ಆದರೆ ಉತ್ತರ ನೇರ. ಲಾವಾದ ಕ್ಯಾಲ್ಸೆಡನಿ ಎಳೆಎಳೆಯಾಗಿ ಕಾಣುತ್ತದೆ, ಸುಣ್ಣಗಲ್ಲಿನ ಚರ್ಟಿನಲ್ಲಿ ಕಾಳುಕಾಳಾದ ಸಿಲಿಕಾ ನಡುವೆ ಕಾರ್ಬೊನೇಟಿನ ವಜ್ರಾಕಾರದ ನೆರಳು ಉಳಿದಿರುತ್ತದೆ. ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಗಳ ಕೆಸರು ಚರ್ಟ್ ಆಗಿದ್ದರೆ ಶಂಖದ ಹುಳು, ನೀರುಗಿಡದ ಬೀಜದ ಪಳೆಯುಳಿಕೆ ಕಾಣಬಹುದು. ಗುರುಮಠಕಲ್ ಕಡೆ ಅಂಥ ಪದರಗಳಿವೆ. ಭೀಮಾ ಸುಣ್ಣಗಲ್ಲು ಚಿಪ್ಪುಪ್ರಾಣಿಗಳು ಹುಟ್ಟುವ ಮುಂಚಿನದಾದ್ದರಿಂದ ಚಿಪ್ಪು ಕಂಡರೆ ಅದು ಖಂಡಿತ ಅಲ್ಲಿಯದಲ್ಲ. ತೆಳುಸೀಳಿಗೆ ಕೊಡಬೇಕಾದದ್ದು ಆಯುಧವಲ್ಲ, ಆಕಾರವಿಲ್ಲದ ಒಡೆದ ಚೂರು, ಅದೂ ನಾಲ್ಕೂ ಕಡೆಯಿಂದ ಫೋಟೊ ತೆಗೆದು ತೂಕ ಬರೆದ ಮೇಲೆ.

ಲ್ಯಾಬಿನಿಂದ ಊರ ಹೆಸರು ಬರುವುದು ಹೇಗೆಂದು ತಿಳಿದರೆ ಅಪಾಯವೂ ತಿಳಿಯುತ್ತದೆ. ಕಂಪ್ಯೂಟರಿಗೆ ಮೂರು ಮೂಲಗಳ ಅಂಕಿ ಕೊಟ್ಟು ನಿಮ್ಮ ಚೂರು ಯಾವುದಕ್ಕೆ ಸೇರುತ್ತದೆ ಎಂದು ಕೇಳಿದರೆ ಅದು ಮೂರರಲ್ಲಿ ಒಂದನ್ನು ಹೇಳಿಯೇ ತೀರುತ್ತದೆ. ನಿಜವಾದ ಮೂಲ ಆ ಮೂರರಲ್ಲಿ ಇಲ್ಲದಿದ್ದರೂ ಹೇಳುತ್ತದೆ. ಸಂತೆಯಲ್ಲಿ ಮೂವರನ್ನು ನಿಲ್ಲಿಸಿ ಇವರಲ್ಲಿ ಕಳ್ಳ ಯಾರು ಎಂದು ಕೇಳಿದ ಹಾಗೆ. ರತನ್‌ಪುರದ ಅಂಕಿ ಪಟ್ಟಿಯಲ್ಲಿದ್ದು ನಿಮ್ಮ ಹಳ್ಳದ ಅಂಕಿ ಇಲ್ಲದಿದ್ದರೆ ನಿಮ್ಮ ಅಲಗು ರತನ್‌ಪುರದ್ದಾಗುತ್ತದೆ. ಹಾಗಾಗಿ ಲ್ಯಾಬಿಗೆ ಹೋಗುವಾಗ ನಿಮ್ಮ ಕೈಯಲ್ಲಿ ಪ್ರತಿ ಸ್ಥಳೀಯ ಮೂಲದ ಕನಿಷ್ಠ 15ರಿಂದ 20 ಮಾದರಿ ಇರಬೇಕು, ಒಂದೇ ಬಂಡೆಯವಲ್ಲ, ಪದರದ ಉದ್ದಕ್ಕೂ ಎತ್ತಿದವು. ಉತ್ತರವೂ ಹೀಗೇ ಬರಬೇಕು: ಇಂತಿಂಥ ಕಡೆಯದಲ್ಲ ಎಂದು ಹೇಳಬಹುದು, ಇಂಥ ಕಡೆಯದಾಗಿರಲು ಅಡ್ಡಿ ಇಲ್ಲ. ಅದಕ್ಕಿಂತ ಖಚಿತವಾಗಿ ಹೇಳುವ ವರದಿ ಬಂದರೆ ಎಷ್ಟು ಮೂಲ ಹೋಲಿಸಿದಿರಿ ಎಂದು ಕೇಳಿ.

ಹೊಲದ ಚಿಂತೆ

ಇಲಾಖೆಗೆ ತಿಳಿಸಿದ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಒಂದು ಜಾಗವನ್ನು ಸಂರಕ್ಷಿತವೆಂದು ಘೋಷಿಸುವ ಮುಂಚೆ ಅಧಿಸೂಚನೆ ಹೊರಡಬೇಕು, 1958ರ ಕೇಂದ್ರ ಕಾಯ್ದೆಯಲ್ಲಿ ಆಕ್ಷೇಪಣೆಗೆ ಎರಡು ತಿಂಗಳ ಕಾಲವಿದೆ. ಹೊಲದ ಮೇಲೆ ಸಿಕ್ಕ ಕಲ್ಲಿನ ಚಕ್ಕೆಗಳಿಗೆ ಅಷ್ಟು ದೂರ ಹೋಗುವುದು ತೀರ ವಿರಳ. ನಿಮ್ಮ ಕಡೆಯಿಂದ ತೊಂದರೆ ತರುವ ಕೆಲಸ ಎರಡು. ಒಂದು, ಆಯುಧಕ್ಕಾಗಿ ಅಗೆಯುವುದು. ಉತ್ಖನನಕ್ಕೆ ಪರವಾನಗಿ ಬೇಕು, ಮೇಲಾಗಿ ಪದರ ಕಲಕಿದರೆ ಕಾಲ ಹೇಳುವ ದಾರಿ ಮುಚ್ಚುತ್ತದೆ. ಎರಡು, ವಿದೇಶದ ಲ್ಯಾಬಿಗೆ ಅಂಚೆಯಲ್ಲಿ ಕಳಿಸುವುದು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಪುರಾವಸ್ತು ರಫ್ತು ಮಾಡುವಂತಿಲ್ಲ. ಮಾರುವ ಯೋಚನೆಯನ್ನಂತೂ ಬಿಡಿ.

ಮಾಡಬೇಕಾದ್ದು ಇಷ್ಟು. ಪ್ರತಿ ಚೂರಿಗೂ ಸಣ್ಣ ಜಿಪ್ ಚೀಲ, ಅದರೊಳಗೆ ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಮತ್ತು ದಿನಾಂಕ, ಪೆನ್ನಿನ ಶಾಯಿ ತೇವಕ್ಕೆ ಅಳಿಸುತ್ತದೆ. ಡಬ್ಬಿಯಲ್ಲಿ ಒಟ್ಟಿಗೆ ಹಾಕಿದರೆ ಒಂದಕ್ಕೊಂದು ತಾಗಿ ಅಂಚು ಮುರಿಯುತ್ತದೆ, ಆಮೇಲೆ ಅದು ಬಳಸಿ ಸವೆದದ್ದೋ ಡಬ್ಬಿಯಲ್ಲಿ ಮುರಿದದ್ದೋ ಗೊತ್ತಾಗುವುದಿಲ್ಲ. ಹೊಸದಾಗಿ ಕಂಡದ್ದನ್ನು ಎತ್ತುವ ಮುಂಚೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋನಿನ ಜಿಪಿಎಸ್ ಆನ್ ಮಾಡಿ ಫೋಟೊ ತೆಗೆಯಿರಿ. ಐದಾರು ಮೀಟರ್ ಹೆಚ್ಚುಕಮ್ಮಿಯಾದರೂ ನಾಲ್ಕು ಎಕರೆಯಲ್ಲಿ ಯಾವ ಮೂಲೆ ಎಂದು ತಿಳಿಯುತ್ತದೆ. ಇದೆಲ್ಲ ಆದ ಮೇಲೆ ರಾಜ್ಯ ಪುರಾತತ್ವ ಇಲಾಖೆಯ ಕಲಬುರಗಿ ಕಚೇರಿಗೆ ಒಂದು ಪತ್ರ ಬರೆಯಿರಿ, ಅದರ ಪ್ರತಿಯನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೂ ಡೆಕ್ಕನ್ ಕಾಲೇಜಿಗೂ ಕಳಿಸಿ. ಜೊತೆಗೆ ಚೂರು ಬೇಡ, ಫೋಟೊ ಮತ್ತು ಗರಸಿನ ಎಣಿಕೆ ಸಾಕು.

ನಿಮ್ಮ ವಿವರಣೆಯಿಂದ ನನ್ನ ಅಂದಾಜು ಹೀಗಿದೆ. ಜೇನು ಬಣ್ಣದವೂ ಕಂದು ಬಣ್ಣದವೂ ಸುಣ್ಣಗಲ್ಲಿನ ಚರ್ಟ್ ಆಗಿರುವ ಸಾಧ್ಯತೆ ಹೆಚ್ಚು, ಮೂಲ ಹೊಲದಿಂದ ಹತ್ತು ಕಿಲೋಮೀಟರಿನೊಳಗೆ, ದಿನ್ನೆಯ ಅಂಚಿನಲ್ಲಿ. ಕೆಂಪಿನಲ್ಲಿ ಬಹುಪಾಲು ಬೆಂಕಿ ತಾಗಿದ ಅದೇ ಕಲ್ಲು. ಹಾಲುಬಿಳಿಯಲ್ಲಿ ಬೆಳಕಿಗೆ ಹಿಡಿದರೆ ಅಂಚು ಹೊಳೆಯುವವನ್ನು ಬೇರೆ ಇಡಿ, ಅವು ಕ್ಯಾಲ್ಸೆಡನಿ. ಅವುಗಳಲ್ಲಿ ಒಂದಕ್ಕಾದರೂ ತೊಗಟೆ ಉಳಿದಿದ್ದರೆ ಆ ಒಂದರ ಹತ್ತಿರದ ಫೋಟೊ ಮೊದಲು ಕಳಿಸಿ, ಉಜ್ಜಿದ ಚರ್ಮವೋ ಹಸಿರು ಚರ್ಮವೋ ಕಾಣುವ ಹಾಗೆ.